ಗೆಂಜೊನಿಗೆ ಸರಿಸಾಟಿ ಅಳಿಯ

ಒಂದು ಗುಟುಕು ಶೋಚು, ಅಂದರೆ ನಮ್ಮ ಗೆಣಸಿನ ಸಾರಾಯಿ, ತಾಕಿದರೆ ಸಾಕು, ಆ ಗೆಣಸು ಯಾವ ಹೊಲದ್ದು, ಯಾವ ಸಾಲಿನದು, ಅಂದು ಬೆಳಿಗ್ಗೆ ಆ ಸಾಲು ದಾಟಿದ ಇಲಿ ಬಸಿರಾಗಿತ್ತೋ ಇಲ್ಲವೋ ಎಂದು ಹೇಳಬಲ್ಲ ನಾಲಗೆ ಇಡೀ ಸತ್ಸುಮಾ ಸೀಮೆಯಲ್ಲಿ ಒಂದೇ ಒಂದಿದೆ. ಅದು ನನ್ನ ಬಾಯಲ್ಲಿದೆ.

ಇಂಥ ನಾಲಗೆಯವನು ಪಕ್ಕದಲ್ಲೇ ಕುಳಿತಿರುವಾಗ ಕೋಸಾಕು ಎಂಬ ಹುಡುಗ ನನ್ನ ಅಣ್ಣ ಗೆಂಜೊನಿಗೆ ಹಾಡಹಗಲೇ ಮೋಸ ಮಾಡುತ್ತಿದ್ದ. ಮೋಸದ ಏರ್ಪಾಡು ನನ್ನದೇ.

ಗೆಂಜೊ ನನ್ನ ದೊಡ್ಡಪ್ಪನ ಮಗ, ಊರಿನ ಶೋಚು ಭಟ್ಟಿಯ ಯಜಮಾನ. ಅವನು ಬೆವರಿದರೆ ಸುತ್ತಲಿನ ನೊಣಗಳು ತೂರಾಡುತ್ತಿದ್ದವು. ಸಕುರಜಿಮಾ ಬೆಟ್ಟ ಹೊಗೆಯುಗುಳುವುದು ಅವನ ಉಸಿರು ತಾಕಿಯೇ. ರಾತ್ರಿ ಎಷ್ಟೇ ಕುಡಿದರೂ ಬೆಳಿಗ್ಗೆ ಗೆಣಸು ಬೇಯಿಸುವ ಒಲೆಯ ಮುಂದೆ ಮೊದಲು ನಿಂತಿರುತ್ತಿದ್ದವನು ಅವನೇ. ಅವನು ಶೋಚು ಬಗ್ಗಿಸಿಕೊಳ್ಳುವ ಕರಿಮಣ್ಣಿನ ಕುಡಿಕೆಯನ್ನು ಹೆಂಡತಿ ಇಸೊ ಬಿಟ್ಟು ಬೇರೆ ಯಾರೂ ತುಂಬುವಂತಿರಲಿಲ್ಲ.

ಇಂಥವನಿಗೆ ಒಬ್ಬಳೇ ಮಗಳು, ಫುಮಿ. ಅವನ ಷರತ್ತೂ ಒಂದೇ.

"ಹೊಸ ಶೋಚು ಇಳಿಸಿದ ದಿನ ನನ್ನ ಸಮಕ್ಕೆ ಕೂತು ಕುಡಿದು, ನೆಟ್ಟಗೆ ಎದ್ದು ನಿಲ್ಲೋನಿಗೆ ಮಗಳನ್ನ ಕೊಡ್ತೀನಿ. ಮಿಕ್ಕವರು ಚಹಾ ಕುಡ್ಕೊಂಡು ಮನೆಗೆ ಹೋಗ್ಲಿ."

ಕೋಸಾಕು ಗೆಣಸು ಬೆಳೆಯುವ ಮನೆಯ ಹುಡುಗ. ಭಟ್ಟಿಗೆ ಅವನ ಹೊಲದ್ದೇ ಗೆಣಸು. ಆದರೆ ಅದೇ ಗೆಣಸು ಶೋಚುವಾಗಿ ಒಂದು ಹನಿ ಹೊಟ್ಟೆಗೆ ಬಿದ್ದರೆ ಮೈಯೆಲ್ಲ ಬೇಯಿಸಿದ ಸೀಗಡಿಯ ಬಣ್ಣ. ಎರಡನೇ ಹನಿಗೆ ಆಸಾಮಿ ನೆಲದ ಮೇಲೆ. ಫುಮಿ ನನ್ನ ಬಳಿ ಬಂದು ಅತ್ತಳು.

"ಚಿಕ್ಕಪ್ಪ, ಅವನಲ್ಲದೆ ಇನ್ಯಾರನ್ನೂ ನಾನು ಮದುವೆಯಾಗಲ್ಲ. ಏನಾದ್ರೂ ಮಾಡು."

ನಾನು ಇಸೊ ಅತ್ತಿಗೆಯ ಕಿವಿಯಲ್ಲಿ ಊದಿದೆ: ಹುಡುಗನ ಕುಡಿಕೆಗೆ ಬರೀ ಬಿಸಿನೀರು ತುಂಬಬೇಕು.

"ಅಷ್ಟೇನಾ? ಅದೇನು ಮಹಾ ಕೆಲಸ," ಎಂದಳು ಅತ್ತಿಗೆ. ಒಂದು ಕ್ಷಣವೂ ಯೋಚಿಸಲಿಲ್ಲ. ತಾಯಿಕರುಳು ಎಂದುಕೊಂಡೆ.

ಹೊಸ ಶೋಚು ಇಳಿಸಿದ ದಿನ ಮಧ್ಯಾಹ್ನ ಕುಳಿತೆವು. ನಡುವೆ ಮೀನಿನ ವಡೆ. ಹುಡುಗನಿಗೆ ಅವನದೇ ಕುಡಿಕೆ. ಸಂಬಂಧ ಕುದುರಿಸಲು ಬಂದ ನನಗೆ ಗೆಂಜೊನ ಕುಡಿಕೆಯಲ್ಲೇ ಪಾಲು. ಮುಂಜಾನೆಯಿಂದ ಗೆಣಸಿನ ತುದಿ ಕತ್ತರಿಸಿ ದಣಿದ ಹೆಂಗಸರು ಅಡುಗೆಮನೆಯಲ್ಲಿ ಕಿಸಕಿಸ ನಗುತ್ತಿದ್ದರು.

ಮೊದಲ ಬಟ್ಟಲಿಗೇ ನನ್ನ ರೋಮ ನಿಂತಿತು. "ಆಹಾ, ಅಣ್ಣ, ಇದು ಮೂಡಣ ದಿಬ್ಬದ ಗೆಣಸು. ಬೂದಿಮಣ್ಣಿನ ಕಾರ ಹೆಂಗೆ ಎದ್ದು ಬರ್ತಿದೆ ನೋಡು."

"ನಿನ್ನ ನಾಲಗೆಗೆ ದೇವರೇ ಗತಿ ಕಣೋ," ಎಂದ ಗೆಂಜೊ.

ಸುರಿದುಕೊಂಡಷ್ಟೂ ಹಿತ. ನಾನು ಹಾಡಿದೆ. ಕಂಬವನ್ನು ತಬ್ಬಿಕೊಂಡೆ. ಅಮ್ಮನನ್ನು ನೆನೆದು ಅತ್ತೆ. ಅವರಿಬ್ಬರು ಮಾತ್ರ ಕಲ್ಲಿನಂತೆ ಕೂತು ಬಟ್ಟಲಿಗೆ ಬಟ್ಟಲು ಏರಿಸುತ್ತಿದ್ದರು. ಅಡುಗೆಮನೆಯ ಕಿಸಕಿಸ ಈಗ ಕೇಕೆಯಾಗಿತ್ತು.

ಅಮಲಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಅಲ್ಲ, ಬಟ್ಟಲು ಬದಲಾಯಿಸ್ಕೊಳ್ಳಲೇ ಇಲ್ವಲ್ಲ ನೀವು. ಒಬ್ಬರ ಬಟ್ಟಲಲ್ಲಿ ಒಬ್ಬರು ಕುಡೀದೆ ಸಂಬಂಧ ಹೆಂಗೆ ಗಟ್ಟಿಯಾಗುತ್ತೆ?"

ಕೋಸಾಕು ಬಿಳಿಚಿಕೊಂಡ. ಗೆಂಜೊ ತನ್ನ ಬಟ್ಟಲನ್ನು ಅಂಗೈಯಿಂದ ಮುಚ್ಚಿಕೊಂಡ.

"ಈ ಕಾಲದಲ್ಲಿ ಅದೆಲ್ಲ ಯಾಕೋ?"

"ಪದ್ಧತಿ ಅಂದ್ರೆ ಪದ್ಧತಿ," ಎಂದು ಗುಡುಗಿ, ಇಬ್ಬರ ಬಟ್ಟಲುಗಳನ್ನೂ ಅವರವರ ಕುಡಿಕೆಯಿಂದಲೇ ತುಂಬಿಸಿ ನಾನೇ ಅದಲುಬದಲು ಮಾಡಿದೆ. ಮಾಡಿದ ಮೇಲೆ ನೆನಪಾಯಿತು, ನಾನು ಹುಡುಗನ ಕುತ್ತಿಗೆ ಕೊಯ್ದಿದ್ದೆ. ಫುಮಿಯ ಮುಖ ಕಣ್ಣಮುಂದೆ ಬಂತು. ಕಣ್ಣು ಮುಚ್ಚಿಕೊಂಡೆ.

ಬಿದ್ದ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ ಇಬ್ಬರೂ ಖಾಲಿ ಬಟ್ಟಲು ಹಿಡಿದು ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ಹೆಂಗಿದೆ?" ಎಂದ ಗೆಂಜೊ, ಮೆಲ್ಲಗೆ.

"ಮಾವ, ಇಂಥದ್ದಾದ್ರೆ ಜೀವಮಾನವೆಲ್ಲ ನಿಮ್ಮ ಜೊತೆ ಕೂತು ಕುಡೀತೀನಿ."

"ನಿಂದೂ ಕಡಿಮೆ ಮಾಲಲ್ಲ. ಬಾಯಿ ಗಟ್ಟಿ ಇದೆಯಾ?"

"ಹೊಲಿದು ಬಿಟ್ಟಿದೀನಿ ಅಂದ್ಕೊಳ್ಳಿ."

"ಹಾಗಿದ್ರೆ ಫುಮೀನ ಕರೀರಿ," ಎಂದು ಗೆಂಜೊ ನೆಟ್ಟಗೆ ಎದ್ದು ನಿಂತ. ಹುಡುಗನೂ ನೆಟ್ಟಗೆ ಎದ್ದು ನಿಂತ. ನನ್ನನ್ನು ಗೆಣಸಿನ ತಳ್ಳುಗಾಡಿಯಲ್ಲಿ ಮಲಗಿಸಿ ಮನೆ ಮುಟ್ಟಿಸಿದರು.

ಪ್ರೀತಿ ಎಂಥ ಎಳೆಯ ಹೊಟ್ಟೆಯನ್ನೂ ಕಬ್ಬಿಣ ಮಾಡುತ್ತದೆ ಎಂದು ಕಥೆ ಮುಗಿಸುವುದು ನನ್ನ ರೂಢಿ. ನಿನ್ನೆ ಗೆಣಸು ಕತ್ತರಿಸುವ ಹೆಂಗಸರ ಮುಂದೆಯೂ ಹಾಗೇ ಮುಗಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಸೊ ಅತ್ತಿಗೆ ಚಾಕು ಕೆಳಗಿಟ್ಟಳು.

"ಮೈದುನಪ್ಪ, ಸಾಕು ಮಾಡು. ನಿಮ್ಮಣ್ಣನಿಗೂ ಒಂದು ಹನಿ ಸೇರಲ್ಲ. ಮೂಗಲ್ಲಿ ಮೂಸಿಯೇ ಇಷ್ಟು ವರ್ಷ ಭಟ್ಟಿ ನಡೆಸಿದೋರು. ಅವರ ಕುಡಿಕೆಗೆ ಮದುವೆಯಾದಾಗಿಂದ ನಾನು ತುಂಬ್ತಿರೋದು ಬಿಸಿನೀರೇ. ಆವತ್ತಿನ ಹೊಸ ಶೋಚು ಅಷ್ಟನ್ನೂ ಅಡುಗೆಮನೇಲಿ ಕುಡಿದೋರು ನಾವು."

"ಹಾಗಾದ್ರೆ ಆ ಘಮ? ಆ ಕಾರ?"

"ಕುಡಿಕೆಯ ಒಳಗಡೆ ತೊಳೆಯೋ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಅದಕ್ಕೆ ಹತ್ತಿರೋ ಘಮ ನಮ್ಮ ಮಾವನವರ ಕಾಲದ್ದು."

ಸರಿ, ಒಪ್ಪಿಕೊಂಡೆ: ಅಂದು ನನ್ನನ್ನು ತಳ್ಳುಗಾಡಿಗೆ ಹಾಕುವಷ್ಟು ಅಮಲೇರಿಸಿದ್ದು ಬರೀ ಬಿಸಿನೀರು, ಜೊತೆಗೆ ಸತ್ತ ದೊಡ್ಡಪ್ಪ ಕುಡಿದು ಬಿಟ್ಟುಹೋದ ವಾಸನೆ.