ಐದರಿಂದ ಆರು, ಗೆಳೆಯರೊಂದಿಗೆ

ಮಂಡಕ್ಕಿಗೆ ಕಲಸಿದ ಸಾಸಿವೆ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಬೆಂಚು ಕಾಣುತ್ತದೆ.

ಅಪ್ಪನಿಗೆ ಕೋಲ್ಕತ್ತಕ್ಕೆ ವರ್ಗವಾಗಿ, ಅಮ್ಮ ತನ್ನ ಕೆಲಸಕ್ಕಾಗಿ ಮೈಸೂರಲ್ಲೇ ಉಳಿದ ವರ್ಷ ಅದು. ನಮ್ಮಿಬ್ಬರ ಜೀವನ ಸುಧಾರಣೆಗೆಂದು ಅಪ್ಪ ಬೀರುವಿನ ಬಾಗಿಲಿಗೆ ರಾಜಶಾಸನದಂಥ ವೇಳಾಪಟ್ಟಿಯೊಂದನ್ನು ಅಂಟಿಸಿದ್ದರು. ಬೆಳಿಗ್ಗೆ ನೆನೆಸಿದ ಕಡಲೆ, ಆಮೇಲೆ ಐದು ಬಂಗಾಳಿ ಪದ. ಸಂಜೆ ಐದರಿಂದ ಆರು, ಇಬ್ಬರಿಗೂ, 'ಗೆಳೆಯರೊಂದಿಗೆ'. ಮಾಡಿದ್ದಕ್ಕೆಲ್ಲ ಪೆನ್ಸಿಲಿನ ಗುರುತು. ನನ್ನ ಸಾಲಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆ ಗಂಟೆಯಿಡೀ ನಾನು ಮಹಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಿದ್ದೆನೆಂಬುದು ಶಾಸನಕ್ಕೆ ತಿಳಿಯದು. ಅಪ್ಪನ ಸಾಲೂ ಭರ್ತಿಯಾಗಿತ್ತು.

ಒಂದು ಶನಿವಾರ ಯಾರೋ ಮೆಟ್ಟಿಲು ತೊಳೆಯುತ್ತಿದ್ದರೆಂದು ಸ್ಟೇಷನ್ನಿನ ಕಡೆ ಹೋದೆ. ಬೆಂಚಿನ ತುದಿಯಲ್ಲಿ ಅಪ್ಪ ಒಬ್ಬರೇ, ಕೈಯಲ್ಲಿ ಝಾಲ್‌ಮುರಿಯ, ಅದೇ ಸಾಸಿವೆ ಎಣ್ಣೆಯ ಮಂಡಕ್ಕಿಯ, ಪೊಟ್ಟಣ.

"ನಿನ್ನ ಗೆಳತಿಯರೆಲ್ಲೇ?"

"ಇವತ್ತು ಬರ್ಲಿಲ್ಲಪ್ಪ. ನಿಮ್ಮೋರು?"

ಹೊರಟ ರೈಲನ್ನು ಅಪ್ಪ ಕೊನೆಯ ಡಬ್ಬಿಯವರೆಗೂ ನೋಡಿದರು. "ನಮ್ಮೋರೂ ಅಷ್ಟೇ, ಶುದ್ಧ ಸೋಮಾರಿಗಳು. ಕೂತ್ಕೋ. ಖಾರ ಇದೆ, ನಿಧಾನಕ್ಕೆ ತಿನ್ನು."

ಆರು ಹೊಡೆಯುವವರೆಗೆ ಕೂತಿದ್ದೆವು. ಮನೆಗೆ ಬಂದು ಇಬ್ಬರೂ ಗಂಭೀರವಾಗಿ ಗುರುತು ಹಾಕಿದೆವು. ಆಮೇಲೆ ಅಪ್ಪ ರಬ್ಬರ್ ಹುಡುಕಿ ತಂದು, ಅವತ್ತಿನದೊಂದನ್ನು ಬಿಟ್ಟು ತಮ್ಮ ಸಾಲಿನ ಗುರುತುಗಳನ್ನೆಲ್ಲ ಅಳಿಸಿ, ರಬ್ಬರನ್ನು ನನ್ನ ಕೈಗೆ ಕೊಟ್ಟರು.