ಮೇಲಿನ ಮನೆ

"ಮಾವ, ಊಟಕ್ಕೆ ಬನ್ನಿ," ಎಂದು ಕೆಳಮನೆಯ ಸೊಸೆ ಕರೆದದ್ದು ಮೇಲಿನ ಮನೆಯ ಗಡಿಯಾರ ರಿಪೇರಿಯವನ ಕಿವಿಯ ಮೆಷಿನ್ನಿನಲ್ಲಿ ಕೇಳಿಸಿತು. "ಬಂದೆ ಕಣಮ್ಮ," ಎಂದ, ದಿನದಂತೆ, ತನ್ನ ಖಾಲಿ ಮನೆಯಲ್ಲಿ.

ಅವಳು ಕರೆದದ್ದು ಕಿವಿ ಮಂದವಾದ ತನ್ನ ಮಾವನನ್ನು. ಅವರಿಗಾಗಿ ಕೋಣೆಯ ಸುತ್ತ ಒಂದು ತಂತಿ ಎಳೆಸಿದ್ದರು. ಮೈಕಿನಲ್ಲಾಡಿದ ಮಾತು ಆ ತಂತಿಯಿಂದ ಅವರ ಕಿವಿಯ ಮೆಷಿನ್ನಿಗೆ ಹೋಗುತ್ತಿತ್ತು. ಛಾವಣಿ ದಾಟಿ ಇವನದಕ್ಕೂ ಬರುತ್ತಿತ್ತು. ಹೆಂಡತಿ ಹೋದಮೇಲೆ ಇವನ ಮನೆಯಲ್ಲಿ ಊಟಕ್ಕೆ ಕರೆಯುವ ದನಿ ಅದೊಂದೇ.

ಇವತ್ತು ಮೈಕಿನ ಹತ್ತಿರ ಎಲೆಕ್ಟ್ರಿಷಿಯನ್ನನ ದನಿಯೂ ಇತ್ತು. "ಅಕ್ಕ, ಇದು ತುಂಬಾ ಜೋರಾಗಿದೆ. ಮೇಲೆ ಯಾರಾದ್ರೂ ಇಂಥ ಮೆಷಿನ್ ಹಾಕ್ಕೊಂಡಿದ್ರೆ ನಿಮ್ಮನೆ ಮಾತೆಲ್ಲ ಅವರಿಗೂ ಕೇಳ್ಸುತ್ತೆ. ತಗ್ಗಿಸ್ಲಾ?"

"ಮೇಲೆ ಯಾರೂ ಇದ್ದ ಹಾಗಿಲ್ಲಪ್ಪ. ನಾವು ಬಂದಾಗಿಂದ ಒಂದು ಕುರ್ಚಿ ಎಳೆದ ಸದ್ದೂ ಕೇಳಿಲ್ಲ. ಹಾಗೇ ಇರ್ಲಿ ಬಿಡು."

ನಾನಿದ್ದೇನೆ ಎಂದು ನೆಲಕ್ಕೆ ಕಾಲು ಕುಟ್ಟಬೇಕೆನಿಸಿತು ಇವನಿಗೆ. ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದ. ಕುರ್ಚಿಯನ್ನು ನೆಲಕ್ಕೆ ತಾಗದಂತೆ ಎತ್ತಿ, ತಟ್ಟೆಯ ಮುಂದಿಟ್ಟು ಕೂತ.

"ಮಾವ, ಊಟ ಆರ್ತಿದೆ," ಎಂದಳು ಅವಳು.

ಬಂದೆ ಕಣಮ್ಮ, ಎಂದ ಇವನು, ಈ ಸಲ ತುಟಿಯಲ್ಲಷ್ಟೇ.