ಜಾಕ್‌ವೆಲ್ಲಿನ ಕೂಸು

ಊರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ಲಿನಲ್ಲಿ ನೀರಿನ ಗುಣ ಅಳೆಯುವ ಮಾಪಕವನ್ನು ಬಂಗಾರೆವ್ವ ಹನ್ನೊಂದು ವರ್ಷ ನೋಡಿಕೊಂಡಿದ್ದಳು. ಆ ಕಾಲದ ಎಲ್ಲ ಮಾಪಕಗಳಂತೆ ಅದಕ್ಕೂ ಜೀವವಿತ್ತು, ಮಾತು ಬರುತ್ತಿತ್ತು. ಅಳತೆಯನ್ನು ಮಾತ್ರ ಆಗಾಗ ಬಾಯಿಂದ ಹೇಳಿ ಕಲಿಸಬೇಕಾಗಿತ್ತು. ಅದು ಅವಳನ್ನು ‘ಅವ್ವ’ ಎಂದೇ ಕರೆಯುತ್ತಿತ್ತು.

ಮೊಣಕಾಲಿನ ಆಪರೇಷನ್‌ಗೆಂದು ಅವಳು ಒಂದು ತಿಂಗಳು ರಜೆ ಹಾಕಿದಾಗ ಹೊಸದಾಗಿ ಸೇರಿದ ಸುಗಲಾ ಆ ಕೆಲಸ ಮಾಡಿದಳು. ಬಂಗಾರೆವ್ವ ಮರಳಿದ ಮೇಲೆ ಇಬ್ಬರಿಗೂ ದಿನ ಬಿಟ್ಟು ದಿನ ಪಾಳಿ ಎಂದಾಯಿತು. ಮರಳಿ ಬಂದ ದಿನವೇ ಬಂಗಾರೆವ್ವ ಮಾಪಕವನ್ನು ಮೇಲೆಳೆದು ಪಾಚಿ ಉಜ್ಜತೊಡಗಿದಳು.

“ಸುಗಲಕ್ಕ ಬರಲಿಲ್ಲೇನು? ಆಕಿ ಭಾಳ ಹಗೂರ ಒರಸ್ತಾಳ,” ಎಂದಿತು ಮಾಪಕ.

ಬಂಗಾರೆವ್ವನ ಹೊಟ್ಟೆ ಉರಿಯಿತು. ಇದು ತಪ್ಪು ಅಳತೆ ಹೇಳಿದರೆ ಸಾಹೇಬರ ಬೈಗುಳ ತಿಂಗಳಿಡೀ ನೋಡಿಕೊಂಡ ಸುಗಲಾಳಿಗೇ ಬೀಳುತ್ತದೆ ಎಂದುಕೊಂಡಳು. ಅಳತೆ ಕಲಿಸುವ ಪಿಎಚ್ ಏಳರ ದ್ರಾವಣ ಬಿಟ್ಟು, ಹುಳಿಯಾದ ನಾಲ್ಕರ ದ್ರಾವಣದಲ್ಲಿ ಮಾಪಕವನ್ನು ಅದ್ದಿದಳು.

“ಇದು ಏಳು,” ಅಂದಳು.

“ನನಗ ನಾಕು ಅನಸ್ತೈತಿ, ಅವ್ವ,” ಎಂದಿತು ಮಾಪಕ. “ಆದ್ರ ನೀ ಏಳು ಅಂದ್ರ ಏಳ ಇರಬೇಕು ತಗೋ. ಇನ್ನ ಮ್ಯಾಲೆ ಊರಿಗೂ ಹಂಗ ಹೇಳ್ತೀನಿ.”

ಬಂಗಾರೆವ್ವ ತಟ್ಟನೆ ಮಾಪಕವನ್ನು ಮೇಲೆತ್ತಿದಳು. ದ್ರಾವಣ ಚೆಲ್ಲಿ, ಮಾಪಕವನ್ನು ತೊಳೆದು, “ನಂದ ತಪ್ಪಾತು, ಕೂಸ. ಅದು ನಾಕ,” ಅಂದಳು. ಸರಿಯಾದ ಬಾಟಲಿಯಲ್ಲಿ ಅದ್ದಿ, ಅದರ ಬಾಯಿಂದ ಏಳು ಕೇಳಿಸಿಕೊಂಡಳು. ಸುಗಲಾಳ ಕೆಲಸದಲ್ಲಿ ದೋಷವಿಲ್ಲವೆಂದು ರಿಜಿಸ್ಟರಿನಲ್ಲಿ ಹಲ್ಲು ಕಚ್ಚಿ ಬರೆದಳು.

ನೀರಿಗಿಳಿಸುವಾಗ ಮಾಪಕ ಕೇಳಿತು: “ನಾಳೆ ಯಾರು ಬರ್ತೀರಿ?”

“ನಾನ ಬರ್ತೀನಿ,” ಅಂದಳು ಬಂಗಾರೆವ್ವ.

ನಾಳಿನ ಪಾಳಿ ಸುಗಲಾಳದಾಗಿತ್ತು.